ಯಾವ ಮಂಗಳೂರು?

ಕೊಪ್ಪಳದ ಬಸ್ ನಿಲ್ದಾಣದಲ್ಲಿ ‘ಮಂಗಳೂರಿಗೆ ಯಾವ ಬಸ್ಸು?’ ಎಂದು ಕೇಳಿದರೆ ಯಾರೂ ಕಡಲನ್ನು ನೆನೆಯುವುದಿಲ್ಲ. ಯಲಬುರ್ಗಾ ಸೀಮೆಯ ಮಂಗಳೂರು ಎಂದೇ ತಿಳಿದು ದಾರಿ ತೋರಿಸುತ್ತಾರೆ. ಅದೇ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಪಣಂಬೂರಿನ ತೀರ, ಬಜ್ಪೆಯ ವಿಮಾನ ನಿಲ್ದಾಣ, ಮೀನೂಟದ ಹೋಟೆಲುಗಳು ಸಾಲಾಗಿ ಬರುತ್ತವೆ. ಮೊದಲೆಲ್ಲ ಇಂಗ್ಲಿಷ್ ಕಾಗುಣಿತದಲ್ಲಾದರೂ ಒಂದು ಗೆರೆ ಇತ್ತು. ಕರಾವಳಿಯದು ‘ಮ್ಯಾಂಗಲೋರ್’, ನಮ್ಮದು ‘ಮಂಗಳೂರ್’. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಕನ್ನಡದ ಉಚ್ಚಾರಕ್ಕೆ ಬಂದಾಗ ಆ ಗೆರೆಯೂ ಮಸುಕಾಯಿತು. ಆ ಬದಲಾವಣೆ ಆಗಬೇಕಾದದ್ದೇ. ಆದರೆ ಅದರಿಂದ ಸಣ್ಣ ಮಂಗಳೂರಿಗೆ ಇನ್ನಷ್ಟು ಗುರುತು ಹೇಳಿಕೊಳ್ಳುವ ಹೊರೆ ಬಿತ್ತು.

ನನ್ನ ಬಳಗದ ಹುಡುಗನೊಬ್ಬ ಈ ಊರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ. ಒಂದು ಸಂಜೆ ಕೂತು ಮೊಬೈಲಿನಲ್ಲೇ ಉಚಿತ ವೆಬ್‌ಸೈಟ್ ಮಾಡಿಕೊಂಡ. ಫೋಟೋ ಏರಿಸಿದ, ‘ಮಂಗಳೂರಿನ ನಂಬಿಕಸ್ತ ಶಾಮಿಯಾನ’ ಎಂದು ಬರೆದ. ತಿಂಗಳೊಪ್ಪತ್ತಿನಲ್ಲಿ ಬಂದ ಮೊದಲ ಕರೆ ಸುರತ್ಕಲ್ಲಿನದು. ‘ನಾಳೆಗೆ ಸಿಗ್ತದಾ?’ ಎಂದರಂತೆ. ಪಕ್ಕದ ಇಟಗಿಯಿಂದ, ಕುಕನೂರಿನಿಂದ ಒಂದೂ ಬರಲಿಲ್ಲ.

ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದಾರೆ. ಊರಿನ ಹೆಸರಿನ ಮುಂದೆ ‘ತಾ॥ ಜಿ॥’ ಬರೆಯದ ಪತ್ರಿಕೆ ನಮ್ಮ ಕಡೆ ಇಲ್ಲ. ವೆಬ್ ಪುಟದಲ್ಲಿ ಆ ತಾ॥ ಜಿ॥ ಬರೆಯುವ ಜಾಗಗಳೆಂದರೆ ಪುಟದ ಶೀರ್ಷಿಕೆ, ಹುಡುಕಾಟದ ಫಲಿತಾಂಶದಲ್ಲಿ ಕಾಣುವ ಎರಡು ಸಾಲಿನ ವಿವರಣೆ, ಪುಟದ ವಿಳಾಸ, ಅಂಗಡಿಯ ಊರು ಮತ್ತು ಪಿನ್‌ಕೋಡನ್ನು ಯಂತ್ರಕ್ಕೆ ಬಿಡಿಸಿ ಹೇಳುವ ಗುರುತುಗಳು. ರೆಡಿಮೇಡ್ ವೆಬ್‌ಸೈಟ್ ಸೇವೆಗಳು ಕೈಕಟ್ಟುವುದು ಹೆಚ್ಚಾಗಿ ಇಲ್ಲಿಯೇ. ಗೂಗಲ್ ಸೈಟ್ಸ್‌ನಲ್ಲಿ ವಿವರಣೆ ಬರೆಯಲು ಪ್ರತ್ಯೇಕ ಜಾಗವೇ ಇಲ್ಲ. ಶಾಪಿಫೈಯಲ್ಲಿ ಸರಕಿನ ಪುಟದ ವಿಳಾಸಕ್ಕೆ ‘ಪ್ರಾಡಕ್ಟ್ಸ್’ ಎಂಬ ಪದ ಅಂಟಿಕೊಂಡೇ ಬರುತ್ತದೆ, ಕಿತ್ತು ಹಾಕಲಾಗದು. ಕಡಲ ಮಂಗಳೂರಿನ ದೊಡ್ಡ ಹೋಟೆಲಿಗೆ ಇವು ಲೆಕ್ಕಕ್ಕೇ ಬಾರದ ತೊಡಕುಗಳು, ಏಕೆಂದರೆ ಅದರ ಹೆಸರನ್ನು ಸಾವಿರ ಜನ ಬೇರೆ ಕಡೆ ಬರೆದಿರುತ್ತಾರೆ. ತನ್ನ ಗುರುತನ್ನು ತಾನೇ ಹೇಳಿಕೊಳ್ಳಬೇಕಾದವನಿಗೆ ಮಾತ್ರ ಈ ಜಾಗಗಳೇ ಜೀವಾಳ. ಮಿತಿ ಎಲ್ಲರಿಗೂ ಒಂದೇ, ಪೆಟ್ಟು ಒಂದೇ ಅಲ್ಲ ಎಂಬುದು ನನ್ನ ವಾದ.

ಕನ್ನಡದಲ್ಲಿ ಬರೆಯುವವನಿಗೆ ಇನ್ನೊಂದು ಪೆಟ್ಟು ಇದೆ. ಬ್ಲಾಗರ್‌ನಲ್ಲಿ ಬರೀ ಕನ್ನಡದ ಶೀರ್ಷಿಕೆ ಕೊಟ್ಟರೆ ತಾನಾಗಿ ಹುಟ್ಟುವ ವಿಳಾಸದಲ್ಲಿ ಕನ್ನಡವೆಲ್ಲ ಉದುರಿಹೋಗಿ ‘ಬ್ಲಾಗ್-ಪೋಸ್ಟ್’ ಎಂಬ ಹೆಸರು, ಅದರ ಬಾಲಕ್ಕೊಂದು ಸಂಖ್ಯೆ ಉಳಿಯುತ್ತದೆ. ನಾವೇ ಇಂಗ್ಲಿಷ್ ಅಕ್ಷರದಲ್ಲಿ ಬೇರೆ ವಿಳಾಸ ಬರೆದುಕೊಟ್ಟರೆ ಸರಿ, ಅದನ್ನು ಬಹಳ ಜನ ತಿಳಿಯರು. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಆ ವಿಳಾಸವನ್ನು ನಕಲು ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ‘ಮಂಗಳೂರು’ ಎಂಬ ನಾಲ್ಕಕ್ಷರದ ಹೆಸರು ಯಂತ್ರದ ಲೆಕ್ಕದಲ್ಲಿ ಏಳು ಸಂಕೇತ: ಮ, ಸೊನ್ನೆ, ಗ, ಳ, ದೀರ್ಘ, ರ, ಕೊಂಬು. ಪ್ರತಿ ಸಂಕೇತಕ್ಕೆ ಮೂರು ಬೈಟು, ಪ್ರತಿ ಬೈಟು ಒಂದು ಶೇಕಡಾ ಚಿಹ್ನೆ ಮತ್ತು ಎರಡು ಇಂಗ್ಲಿಷ್ ಅಕ್ಷರ ಅಥವಾ ಅಂಕಿ. ಒಟ್ಟು 63. ಹೀಗೆ ಬಿಚ್ಚಿಕೊಂಡ ಶೀರ್ಷಿಕೆಯನ್ನು ವರ್ಡ್‌ಪ್ರೆಸ್ 200ರೊಳಗೆ ಕತ್ತರಿಸುವುದರಿಂದ ಕನ್ನಡದ ಮೂರು ನಾಲ್ಕು ಪದ ದಾಟುವಷ್ಟರಲ್ಲಿ ವಿಳಾಸ ಮುಗಿದಿರುತ್ತದೆ. ಗೂಗಲ್ ಇದನ್ನು ಬಿಡಿಸಿ ಓದಿಕೊಳ್ಳುತ್ತದೆ, ನಿಜ. ವಿಳಾಸದಲ್ಲಿರುವ ಪದಗಳಿಗೆ ಅದು ಕೊಡುವ ತೂಕವೂ ಕಡಿಮೆಯೇ. ನೋವಾಗುವುದು ಮನುಷ್ಯರ ಕಡೆಯಿಂದ. ಆ ಶೇಕಡಾ ಚಿಹ್ನೆಗಳ ಸಾಲು ಕಂಡರೆ ಯಾರೋ ದುಡ್ಡು ಲಪಟಾಯಿಸಲು ಕಳಿಸಿದ ಲಿಂಕ್ ಎಂದು ಊರ ಮಂದಿ ಒತ್ತುವುದೇ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಉಪಕರಣದ ಮೇಲೆ ಹೊರಿಸುವುದು ನ್ಯಾಯವಲ್ಲ. ‘ವಿಕ್ಸ್‌ನಲ್ಲಿ ಮಾಡಿದ ಸೈಟು ಗೂಗಲ್‌ಗೆ ಕಾಣುವುದಿಲ್ಲ’ ಎಂಬ ಮಾತು ಹಿಂದೊಮ್ಮೆ ಸ್ವಲ್ಪ ಮಟ್ಟಿಗೆ ನಿಜವಾಗಿತ್ತು, ಆಗ ಆ ಪುಟಗಳು ಫ್ಲ್ಯಾಶ್‌ನಲ್ಲಿರುತ್ತಿದ್ದವು. ಈಗ ಆ ಕಾಲ ಹೋಗಿದೆ. ಇನ್ನು ನಮ್ಮವರೇ ಮಾಡಿಕೊಳ್ಳುವ ಎಡವಟ್ಟು ಬೇರೆ. ಟೆಂಪ್ಲೇಟಿನಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಕಿ ಅಂದಗೆಡುತ್ತದೆ ಎಂದು ಇಡೀ ವಿವರವನ್ನು ಬ್ಯಾನರಿನಂತೆ ಚಿತ್ರ ಮಾಡಿ ಅಂಟಿಸುತ್ತಾರೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕನ್ನಡ ಪುಟ ಮಾಡುತ್ತಿದ್ದ ಕಾಲದ ಕಥೆಯೇ ಇದು: ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯುನಿಕೋಡ್ ಬಂದು ತೀರಿದ ತೊಂದರೆಯನ್ನು ಚಿತ್ರದ ಮೂಲಕ ಮತ್ತೆ ಮನೆಗೆ ಕರೆದುಕೊಂಡಿದ್ದೇವೆ.

ಕಿನ್ನಾಳದ ಮಾತು ಇಲ್ಲಿ ಬರಲೇಬೇಕು. ಕೊಪ್ಪಳದ ಹತ್ತಿರದ ಆ ಊರಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ‘ಕಿಟ್ಟ’ ಕಲಸಿ ಮೆತ್ತಿ, ಬಣ್ಣ ತುಂಬಿ ಗೊಂಬೆ ಮಾಡುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಇಂಗ್ಲಿಷಿನಲ್ಲಿ ಆ ಊರು ಒಬ್ಬರ ಕೈಯಲ್ಲಿ ಕಿನ್ಹಾಲ್, ಇನ್ನೊಬ್ಬರ ಕೈಯಲ್ಲಿ ಕಿನ್ನಾಲ್, ಮತ್ತೊಬ್ಬರಿಗೆ ಕಿನ್ನಾಳ. ‘ಕೊಪ್ಪಳದ ಆಟಿಕೆ’ ಎಂದು ಈಗ ಹುಡುಕಿದರೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಭಾನಾಪುರದ ಆಟಿಕೆ ಕ್ಲಸ್ಟರ್ ಕೂಡ ನಡುವೆ ಬರುತ್ತದೆ. ಇಷ್ಟು ಗೊಂದಲದ ನಡುವೆ ಕುಶಲಕರ್ಮಿ ತನ್ನ ಪುಟದಲ್ಲಿ ಬರೀ ಗೊಂಬೆಯ ಫೋಟೋ ಹಾಕಿ ಸುಮ್ಮನಾದರೆ ಯಾವ ದುಬಾರಿ ಸೇವೆಯೂ ಅವನನ್ನು ಮೇಲೆತ್ತದು. ಯಾವ ಮರ, ಕಿಟ್ಟ ಹೇಗೆ ಕಲಸುತ್ತಾರೆ, ಒಂದು ಗೊಂಬೆಗೆ ಎಷ್ಟು ದಿನ ಬೇಕು ಎಂದು ಅವನೇ ಕನ್ನಡದಲ್ಲಿ ಹತ್ತು ಸಾಲು ಬರೆದರೆ, ಅದನ್ನು ಅವನಷ್ಟು ಬಲ್ಲವನಂತೆ ಹೇಳುವ ಪುಟ ಬೇರೆ ಸಿಗುವುದು ಅಪರೂಪ. ಆ ಹತ್ತು ಸಾಲಿಗೆ ಉಚಿತ ಸೇವೆಯೂ ಸಾಕು.

ನಾನು ರಾಜಿಯಾಗದಿರುವುದು ಒಂದೇ ವಿಷಯಕ್ಕೆ, ವಿಳಾಸಕ್ಕೆ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆಗೆ ಸಣ್ಣ ಅಂಗಡಿಗಳಿಗೆ ಪುಕ್ಕಟೆ ಪುಟ ಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅವನ್ನೆಲ್ಲ ನಿಲ್ಲಿಸಿತು. ಹಳೆಯ ವಿಳಾಸ ಒತ್ತಿದವರನ್ನು ಪ್ರೊಫೈಲಿಗೆ ಕಳಿಸುವ ವ್ಯವಸ್ಥೆ ಜೂನ್ 10ರವರೆಗೆ ಇತ್ತು, ಆಮೇಲೆ ಅದೂ ಇಲ್ಲ. ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ, ಯಾರದೋ ಪ್ರವಾಸದ ಬರಹದಲ್ಲಿ ಆ ವಿಳಾಸ ಇದ್ದವರ ಪಾಡೇನು? ಹುಡುಕಾಟದಲ್ಲಿ ಗಳಿಸಿದ ಹೆಸರು ಕೂಡುವುದು ವಿಳಾಸದ ಖಾತೆಗೆ, ಆ ಖಾತೆ ಇನ್ನೊಬ್ಬರ ಹೆಸರಿನಲ್ಲಿತ್ತು. ಸ್ವಂತ ಡೊಮೇನ್‌ಗೆ ವರ್ಷಕ್ಕೆ ಕೊಡುವುದು ಸಾಮಾನ್ಯವಾಗಿ ಒಂದು ಚೀಲ ಗೊಬ್ಬರದ ಆಸುಪಾಸಿನ ದುಡ್ಡು. ಪುಟವನ್ನು ಎಲ್ಲಿ ಬೇಕಾದರೂ ಕಟ್ಟಿ, ಬೇಡವಾದರೆ ಬಿಚ್ಚಿ ಬೇರೆಡೆ ಕಟ್ಟಿ, ವಿಳಾಸ ನಿಮ್ಮ ಜೊತೆ ಬರುತ್ತದೆ. ‘ಎಲ್ಲ ನಾವೇ ಮಾಡಿಕೊಡುತ್ತೇವೆ’ ಎನ್ನುವ ಗುತ್ತಿಗೆದಾರರ ಹತ್ತಿರ ಮಾಡಿಸುವವರು ಮೊದಲು ಕೇಳಬೇಕಾದದ್ದೂ ಡೊಮೇನ್ ಯಾರ ಹೆಸರಿನಲ್ಲಿದೆ ಎಂಬುದನ್ನೇ.

ನಮ್ಮ ಹುಡುಗ ಡೊಮೇನ್ ಕೊಂಡ. ಶೀರ್ಷಿಕೆಯನ್ನು ‘ಶಾಮಿಯಾನ, ಮಂಗಳೂರು, ಜಿ॥ ಕೊಪ್ಪಳ’ ಎಂದು ತಿದ್ದಿದ. ತಾಲ್ಲೂಕು ಬರೆಯುವಾಗ ಮಾತ್ರ ತಡೆದ. ಕುಕನೂರು ತಾಲ್ಲೂಕು ಆದ ಮೇಲೂ ಆ ಭಾಗದ ಹಳೆಯ ಕಾಗದಗಳಲ್ಲಿ ಯಲಬುರ್ಗಾ ಎಂದೇ ಇದೆ, ಜನ ಎರಡನ್ನೂ ಹುಡುಕುತ್ತಾರೆ. ಎರಡನ್ನೂ ಬರೆ ಎಂದೆ. ಈಗ ಸುತ್ತಲ ಊರುಗಳ ಕರೆಗಳು ಒಂದೊಂದಾಗಿ ಬರುತ್ತಿವೆ. ಆದರೂ ಅವನ ಪುಟಕ್ಕೆ ಬೇರೆ ಯಾರ ಪುಟದಿಂದಲೂ ಒಂದು ಲಿಂಕ್ ಇಲ್ಲ. ಹುಡುಕಾಟದ ಯಂತ್ರ ಬಹುಕಾಲದಿಂದ ನೆಚ್ಚಿಕೊಂಡ ಸಾಕ್ಷಿಗಳಲ್ಲಿ ಲಿಂಕ್ ಮುಖ್ಯವಾದದ್ದು, ಅದು ಯಾವ ವೆಬ್‌ಸೈಟ್ ಸೇವೆಯ ಜೊತೆಗೂ ತಾನಾಗಿ ಬರುವುದಿಲ್ಲ. ಆ ಲಿಂಕ್ ಕೊಡುವ ಕೆಲಸವನ್ನು ಜಿಲ್ಲಾಡಳಿತ ಮಾಡಬಹುದು: ತನ್ನ ಜಾಲತಾಣದಲ್ಲಿ ಹೋಬಳಿವಾರು ಒಂದು ಪುಟ ತೆರೆದು ಅಲ್ಲಿನ ಕುಶಲಕರ್ಮಿಗಳ, ಸ್ವಸಹಾಯ ಸಂಘಗಳ, ಸಣ್ಣ ವ್ಯಾಪಾರಿಗಳ ವಿಳಾಸ ಪಟ್ಟಿ ಮಾಡಲಿ. ಕಿನ್ನಾಳದ ಗೊಂಬೆ ಮಾಡುವವರ ಮನೆಗಳಿಂದ ಶುರು ಮಾಡಲಿ.