ಭಯೋತ್ಪಾದನೆ ಆರೋಪಿಯ 91ನೇ ದಿನ

2024ರ ಮೇ ಕೊನೆಯಲ್ಲಿ ಚನ್ನಗಿರಿ ಠಾಣೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಮಟ್ಕಾ ಆರೋಪದ ಮೇಲೆ ಪೊಲೀಸರು ಕರೆತಂದಿದ್ದ ಯುವಕ ಸತ್ತ. ಮನೆಯವರು ಪೊಲೀಸರತ್ತ ಬೊಟ್ಟು ಮಾಡಿದರು, ಜನ ಠಾಣೆಗೆ ನುಗ್ಗಿದರು, ತನಿಖೆ ಸಿಐಡಿಗೆ ಹೋಯಿತು. ಇದು ಲಾಕಪ್ ಸಾವಲ್ಲ ಎಂದ ಮುಖ್ಯಮಂತ್ರಿ ಸಿದ್ದರಾಮಯ್ಯ, ಎಫ್‌ಐಆರ್ ಇಲ್ಲದೆ ಠಾಣೆಗೆ ಕರೆತಂದದ್ದು ತಪ್ಪು ಎಂದರು. ಡಿವೈಎಸ್‌ಪಿ, ಇನ್‌ಸ್ಪೆಕ್ಟರ್ ಅಮಾನತಾದರು.

ಅದು ಮಟ್ಕಾ ಪ್ರಕರಣ. ಅದಕ್ಕೇ ಒಂದು ಕಾಗದ ಹುಟ್ಟಿರಲಿಲ್ಲ. ಅಂಥ ಕಡೆ ‘ಭಯೋತ್ಪಾದಕ’ ಎಂಬ ಪದ ಬಂದು ಕೂತರೆ ಏನಾಗುತ್ತೆ?

2024ರ ಜುಲೈ 1ರಿಂದ ಭಯೋತ್ಪಾದನೆ ಎರಡು ಕಾನೂನುಗಳಲ್ಲಿದೆ: ಹಳೆಯ ಯುಎಪಿಎ, ಹೊಸ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್. ಯಾವುದರಡಿ ಕೇಸು ಹಾಕಬೇಕು ಅನ್ನೋದನ್ನು ಎಸ್‌ಪಿ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿ ತೀರ್ಮಾನಿಸಬೇಕು. ಹೊನ್ನಾಳಿಯೋ ನ್ಯಾಮತಿಯೋ ಜಗಳೂರೋ, ಠಾಣೆ ಯಾವುದಾದರೂ ಆ ಆಯ್ಕೆ ದಾವಣಗೆರೆಯ ಎಸ್‌ಪಿ ಟೇಬಲ್ ಮೇಲೆ ಬೀಳುತ್ತೆ. ಯುಎಪಿಎ ಆದರೆ ಚಾರ್ಜ್‌ಶೀಟ್ ಇಲ್ಲದೆಯೇ ಆರೋಪಿಯನ್ನು 180 ದಿನದವರೆಗೆ ಒಳಗಿಡಬಹುದು, 43ಡಿ(5) ಇರುವುದರಿಂದ ಜಾಮೀನು ದುಸ್ತರ. ಸಂಹಿತೆಯಾದರೆ ಮಾಮೂಲಿನಂತೆ ಹೆಚ್ಚೆಂದರೆ 90 ದಿನ. ಹೆಚ್ಚುಕಮ್ಮಿ ಅದೇ ಅಪರಾಧ, ಅದೇ ಮನುಷ್ಯ. ಯಾವ ಮಾನದಂಡದ ಮೇಲೆ ಆರಿಸಬೇಕು ಅಂತ ಕಾನೂನು ಒಂದು ಸಾಲೂ ಹೇಳಿಲ್ಲ. (ಯುಎಪಿಎ ವಿಚಾರಣೆಗೆ ಸರ್ಕಾರದ ಪೂರ್ವಾನುಮತಿ ಬೇಕು, 113ಕ್ಕೆ ಆ ತಡೆಯೂ ಇಲ್ಲ. ಎರಡೂ ಕಡೆ ಒಂದೊಂದು ಕಂಬ ಕಿತ್ತ ಮನೆ.)

ಯುಎಪಿಎಯಲ್ಲೂ 180 ದಿನ ತಾನಾಗಿ ಸಿಗೋದಿಲ್ಲ. ಮೊದಲ 90 ದಿನದಲ್ಲಿ ತನಿಖೆ ಯಾಕೆ ಮುಗಿಯಲಿಲ್ಲ, ಆರೋಪಿ ಇನ್ನೂ ಯಾಕೆ ಒಳಗಿರಬೇಕು ಅಂತ ಸರ್ಕಾರಿ ವಕೀಲರು ವರದಿ ಕೊಟ್ಟು ನ್ಯಾಯಾಲಯವನ್ನು ಒಪ್ಪಿಸಬೇಕು. ಬೆಂಗಳೂರಿನ ಡಿ.ಜೆ. ಹಳ್ಳಿ–ಕೆ.ಜಿ. ಹಳ್ಳಿ ಗಲಭೆ ಪ್ರಕರಣ ಎಡವಿದ್ದು ಇಲ್ಲೇ. 2020ರ ಆಗಸ್ಟ್ 11ರ ಆ ಗಲಭೆಯ ತನಿಖೆಯನ್ನು ಎನ್‌ಐಎ ಕೈಗೆತ್ತಿಕೊಂಡಿತ್ತು. ಆರೋಪಿಗಳ ಮಾತು ಕೇಳದೆಯೇ ಅವಧಿ ವಿಸ್ತರಿಸಲಾಗಿತ್ತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಒಪ್ಪದೆ 115 ಮಂದಿಗೆ ಜಾಮೀನು ಕೊಟ್ಟಿತು. ಗುಜರಾತಿನ ಜಿಗರ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದ್ದು ಇದನ್ನೇ: ಅವಧಿ ವಿಸ್ತರಿಸುವ ದಿನ ಆರೋಪಿ ನ್ಯಾಯಾಧೀಶರ ಎದುರಿಗಿರಬೇಕು.

ಆಗ ವಾಟ್ಸಾಪ್‌ನಲ್ಲಿ ಓಡಾಡಿದ್ದು ‘ಟೆಕ್ನಿಕಲ್ ಕಾರಣಕ್ಕೆ ಬಿಟ್ಟುಬಿಟ್ರು’ ಎಂಬ ಸಿಟ್ಟು. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಲಿಫ್ಟಿನ ಬ್ರೇಕ್ ಕೂಡ ಟೆಕ್ನಿಕಲ್ಲೇ.

ಬಾಂಬ್ ಇಟ್ಟವನಿಗೂ ಇದೆಲ್ಲ ಬೇಕಾ ಅನ್ನುವವರಿಗೆ ವಿಠಲ ಮಲೆಕುಡಿಯರ ಉದಾಹರಣೆ ಸಾಕು. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಈ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು ನಕ್ಸಲ್ ನಂಟಿನ ಆರೋಪದ ಮೇಲೆ 2012ರ ಮಾರ್ಚ್‌ನಲ್ಲಿ ಬಂಧಿಸಿದರು. ತಂದೆಯನ್ನೂ ಬಿಡಲಿಲ್ಲ. ಸಾಕ್ಷ್ಯದ ರಾಶಿಯಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು. ಹುಡುಗ ಕೈಕೋಳದಲ್ಲೇ ಪರೀಕ್ಷೆಗೆ ಬಂದ. ಖುಲಾಸೆಯಾಗಿದ್ದು 2021ರ ಅಕ್ಟೋಬರ್‌ನಲ್ಲಿ. ಬಾಂಬ್ ಇಟ್ಟವನು ಯಾರು, ಪುಸ್ತಕ ಇಟ್ಟುಕೊಂಡವನು ಯಾರು ಅನ್ನೋದು ಬಂಧಿಸಿದ ದಿನ ಯಾರ ಹಣೆಯ ಮೇಲೂ ಬರೆದಿರೋದಿಲ್ಲ. ಒಂಬತ್ತೂವರೆ ವರ್ಷ ಬೇಕಾಯ್ತು.

ವಿಚಾರಣೆ ತೀರಾ ಎಳೆದರೆ ಯುಎಪಿಎ ಆರೋಪಿಗೂ ಜಾಮೀನು ಕೊಡಬಹುದು ಎಂದು ನಜೀಬ್ ಪ್ರಕರಣದಲ್ಲಿ (2021) ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಆರೋಪಿ ಅಷ್ಟೊತ್ತಿಗೆ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಅಷ್ಟು ಕಾಯೋದನ್ನು ಹಕ್ಕು ಅಂತ ಕರೆಯೋಕೆ ನನಗಂತೂ ಮನಸ್ಸು ಬರೋದಿಲ್ಲ. ನಿಜವಾಗಿ ಕೈಗೆಟುಕುವುದು ಮೊದಲ ವಾರ, ಮೊದಲ ಮೂರು ತಿಂಗಳು.

ಪುರಕಾಯಸ್ಥ ಪ್ರಕರಣದ ತೀರ್ಪು (2024ರ ಮೇ 15) ಬಂದ ಮೇಲೆ ಯುಎಪಿಎಯಲ್ಲೂ ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು. ಬಾಯಲ್ಲಿ ಹೇಳಿದರೆ ಸಾಲದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ದಾರಿಯಲ್ಲಿ ಕಳೆದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗಬೇಕು. ಕೇಳಬೇಕಾದ ಜಾಗ ತಾಲೂಕು ಕಾನೂನು ಸೇವಾ ಸಮಿತಿ.

ಇನ್ನು ದಿನದ ಲೆಕ್ಕ. ಅದು ಶುರುವಾಗೋದು ಬಂಧನದ ದಿನದಿಂದಲ್ಲ, ಮೊದಲ ರಿಮಾಂಡ್ ದಿನದಿಂದ, ಆ ದಿನವೂ ಸೇರಿ. 90 ದಿನ ಮುಗಿದು ಚಾರ್ಜ್‌ಶೀಟೂ ಇಲ್ಲ, ವಿಸ್ತರಣೆಯೂ ಇಲ್ಲ ಅಂದರೂ ಜಾಮೀನು ತಾನಾಗಿ ಮನೆಬಾಗಿಲಿಗೆ ಬರೋದಿಲ್ಲ. ಅರ್ಜಿ ಹಾಕಬೇಕು. ಅರ್ಜಿಗೆ ಮುಂಚೆ ಚಾರ್ಜ್‌ಶೀಟ್ ಬಂದುಬಿಟ್ಟರೆ ಹಕ್ಕು ಹೋಯ್ತು. ಜಗಳೂರಿನ ಮನೆಯವರು ವಕೀಲರನ್ನು ಹುಡುಕೋಕೆ ಹೊರಡಬೇಕಾದ್ದು 91ನೇ ದಿನವಲ್ಲ, ಮೊದಲನೇ ದಿನ.