ನೀಲ್ ಯಂಗ್ ಕೇಳೋಕೆ ಎಲ್ಲಿಂದ ಶುರು ಮಾಡ್ಬೇಕು? ಹಿಟ್ಸ್ ಪಟ್ಟಿಯಿಂದ ಮಾತ್ರ ಬೇಡ

1/7

ಕಳೆದ ವಾರ ಸ್ಟೋರಿಯಲ್ಲಿ ನೀಲ್ ಯಂಗ್ ಹಾಡೊಂದು ಹಾಕಿದ್ದೆ. ಆರು ಜನ ಮೆಸೇಜ್ ಮಾಡಿದ್ರು. ನಾಲ್ಕು ಜನ ಕೇಳಿದ್ದು ಒಂದೇ: "ಯಾರಿದು, ಎಲ್ಲಿಂದ ಶುರು ಮಾಡ್ಲಿ?" ಇನ್ನಿಬ್ಬರು "ಈ ತಾತನಿಗೆ ಗಂಟಲು ಸರಿ ಇಲ್ವಾ?" ಅಂದ್ರು. ಎರಡಕ್ಕೂ ಉತ್ತರ ಬರೀತಿದೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಮೊದಲು ಪರಿಚಯ. ನೀಲ್ ಯಂಗ್ 1945ರ ನವೆಂಬರ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಲ್ಲೇ ಪೋಲಿಯೊ ಬಂದು ಉಳಿದುಕೊಂಡವರು. 1966ರಲ್ಲಿ ಲಾಸ್ ಏಂಜಲಿಸ್‌ಗೆ ಹೋಗಿ ಬಫೆಲೊ ಸ್ಪ್ರಿಂಗ್‌ಫೀಲ್ಡ್ ಅನ್ನೋ ಬ್ಯಾಂಡ್‌ನಲ್ಲಿ ಸೇರಿಕೊಂಡ್ರು, ಆಮೇಲೆ ಒಂಟಿಯಾಗಿ ಹೊರಟ್ರು. ಇಲ್ಲಿವರೆಗೆ ಸ್ಟುಡಿಯೊ ಆಲ್ಬಂಗಳೇ 40ಕ್ಕೂ ಹೆಚ್ಚು. ವಯಸ್ಸಲ್ಲಿ ನಮ್ಮ ತಾತನ ಸಮ. ಆದ್ರೂ ಇನ್ಮುಂದೆ ಏಕವಚನದಲ್ಲೇ ಬರೀತೀನಿ, ಇಷ್ಟಪಟ್ಟು ಕೇಳೋರನ್ನ ನಾವು ಹಾಗೇ ತಾನೇ ಕರೆಯೋದು.

ನನ್ನ ಅಭಿಪ್ರಾಯ ಈಗಲೇ ಹೇಳ್ಬಿಡ್ತೀನಿ. ಶುರು ಮಾಡ್ಬೇಕಾದ್ದು 1970ರ 'ಆಫ್ಟರ್ ದಿ ಗೋಲ್ಡ್ ರಷ್'ನಿಂದ. ಆಮೇಲೆ ಇನ್ನು ಮೂರು ಆಲ್ಬಂ, ನಾನು ಹೇಳೋ ಕ್ರಮದಲ್ಲೇ. ಯಾಕೆ ಅಂತ ಕೇಳಿ.

2/7

ಎಲ್ಲರೂ ಮಾಡೋ ತಪ್ಪು ನಾನೂ ಮಾಡಿದೆ. ಆ್ಯಪ್ ತೆಗೆದು ಹೆಸರು ಹೊಡೆದೆ, ಮೇಲೆ ಬಂದ ಪಾಪ್ಯುಲರ್ ಹಾಡುಗಳನ್ನ ಒಂದಾದ ಮೇಲೊಂದು ಒತ್ತಿದೆ. ಅಕೌಸ್ಟಿಕ್ ಗಿಟಾರ್, ಹಾರ್ಮೋನಿಕಾ, ಮೃದುವಾದ ರಾಗ. ಚೆನ್ನಾಗಿದೆ ಅನ್ನಿಸ್ತು, ಮೂರನೇ ದಿನಕ್ಕೆ ಮರೆತೂ ಹೋಯ್ತು. ಹತ್ತು ವರ್ಷದ ಲೆಕ್ಕದ ಪುಸ್ತಕ ಬಿಟ್ಟು ಲಾಭದ ಪುಟ ಒಂದೇ ಹರಿದು ಕೊಟ್ಟಂಗೆ ಅದು.

ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಅಂತ ಮನೆಯಲ್ಲಿ ಹೇಳ್ತಾರಲ್ಲ, ಇವನ ವಿಷಯದಲ್ಲಿ ಆ ಮಾತು ನಡೆಯಲ್ಲ. ಒಂದು ಆಲ್ಬಂ ಜೋಗುಳದ ಹಾಗಿದ್ರೆ ಮುಂದಿನದು ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಹಿಟ್ಸ್ ಪಟ್ಟಿ ನಿಮಗೆ ಜೋಗುಳ ಮಾತ್ರ ಕೊಡುತ್ತೆ.

ಇನ್ನೂ ಒಂದು ಕಾರಣ ಇದೆ. ನಾನು ಹೇಳೋ ನಾಲ್ಕು ಆಲ್ಬಂಗಳ ಒಳಗೆ ಇನ್ನೊಬ್ಬ ಮನುಷ್ಯ ಇದಾನೆ. ಅವನ ಹೆಸರು ಡ್ಯಾನಿ ವಿಟನ್. ಬಿಡಿ ಹಾಡು ಕೇಳೋರಿಗೆ ಅವನು ಸಿಗೋದೇ ಇಲ್ಲ. ಹೆಸರು ನೆನಪಿಟ್ಕೊಳ್ಳಿ.

3/7

ಮೊದಲನೆಯದು: 'ಆಫ್ಟರ್ ದಿ ಗೋಲ್ಡ್ ರಷ್', 1970.

ಸುಮಾರು 35 ನಿಮಿಷ, 11 ಹಾಡು. ಕಾಲೇಜಿಂದ ಮನೆಗೆ ಹೋಗೋಷ್ಟರಲ್ಲಿ ಮುಗಿಯುತ್ತೆ. ಇದರ ಹೆಚ್ಚಿನ ಭಾಗ ರೆಕಾರ್ಡ್ ಆಗಿದ್ದು ಕ್ಯಾಲಿಫೋರ್ನಿಯಾದ ಟೊಪಾಂಗ ಕಣಿವೆಯಲ್ಲಿದ್ದ ಅವನ ಮನೆಯ ನೆಲಮಾಳಿಗೆಯಲ್ಲಿ. ಪಿಯಾನೊ ನುಡಿಸೋಕೆ ಕೂರಿಸಿದ್ದು ನಿಲ್ಸ್ ಲಾಫ್‌ಗ್ರೆನ್ ಅನ್ನೋ ಹುಡುಗನ್ನ. ವಯಸ್ಸು 18, ಅಸಲಿಗೆ ಗಿಟಾರ್ ವಾದಕ. ನಮಗಿಂತ ಚಿಕ್ಕೋನು! ದೊಡ್ಡ ಪಿಯಾನೊ ವಾದಕ ಕೂತಿದ್ರೆ ಅಷ್ಟು ನೇರ, ಅಷ್ಟು ಸರಳ ಆಗ್ತಿರಲಿಲ್ಲ ಅನ್ಸುತ್ತೆ ನನಗೆ. ಆ ಹುಡುಗ ಮುಂದೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬ್ಯಾಂಡ್ ಸೇರಿದ.

ಇಲ್ಲಿಂದಲೇ ಯಾಕೆ? ನೀಲ್‌ನ ಎರಡೂ ಮುಖ ಒಂದೇ ಆಲ್ಬಂನಲ್ಲಿ ಸಿಗೋದು ಇಲ್ಲಿ. ಟೈಟಲ್ ಹಾಡಲ್ಲಿ ಹೆಚ್ಚುಕಮ್ಮಿ ಪಿಯಾನೊ, ದನಿ ಅಷ್ಟೇ. ಅದರ ಬೆನ್ನಿಗೇ ಸ್ವಲ್ಪ ಹೊತ್ತಲ್ಲಿ 'ಸದರ್ನ್ ಮ್ಯಾನ್' ಬರುತ್ತೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಮೇಲೆ ನಡೆದ ಕ್ರೌರ್ಯದ ಬಗ್ಗೆ ಸಿಟ್ಟಲ್ಲಿ ಬರೆದದ್ದು, ಗಿಟಾರ್ ಕೂಡ ಹಾಗೇ ಬೈಯುತ್ತೆ. ಲಿನರ್ಡ್ ಸ್ಕಿನರ್ಡ್ ಬ್ಯಾಂಡ್‌ನ 'ಸ್ವೀಟ್ ಹೋಮ್ ಅಲಬಾಮ' ಗೊತ್ತಲ್ಲ, 1974ರದ್ದು? ಅದರಲ್ಲಿ ನೀಲ್‌ನ ಹೆಸರು ಹಿಡಿದೇ ತಿರುಗೇಟು ಕೊಟ್ಟಿದಾರೆ.

ಈಗ ಗಂಟಲಿನ ಪ್ರಶ್ನೆ. ಹೌದು, ದನಿ ತೆಳು, ಮೇಲಕ್ಕೆ ಹೋದಾಗ ನಡುಗುತ್ತೆ. ಮೊದಲ ಎರಡು ಹಾಡಿಗೆ ನನಗೂ ಕಿರಿಕಿರಿ ಆಯ್ತು. ಆಮೇಲೆ ಒಂದು ಗೊತ್ತಾಯ್ತು: ಆ ನಡುಕ ಮುಚ್ಚಿಡೋ ಪ್ರಯತ್ನವನ್ನೇ ಅವನು ಮಾಡಲ್ಲ. ಪ್ರತಿ ರೀಲ್‌ನಲ್ಲೂ ತಿದ್ದಿದ ದನಿ ಕೇಳಿ ಕೇಳಿ ನಮ್ಮ ಕಿವಿಗೆ ತಿದ್ದದೇ ಇರೋ ದನಿ ತಪ್ಪಾಗಿ ಕೇಳ್ಸುತ್ತೆ, ಅಷ್ಟೇ. ಒಂದು ವಾರ ಟೈಮ್ ಕೊಡಿ.

4/7

ಎರಡನೆಯದು: ಒಂದು ಹೆಜ್ಜೆ ಹಿಂದೆ ಬನ್ನಿ. 'ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್', 1969.

ಕ್ರೇಜಿ ಹಾರ್ಸ್ ಅನ್ನೋ ಬ್ಯಾಂಡ್ ಜೊತೆ ಮಾಡಿದ ಮೊದಲ ಆಲ್ಬಂ ಇದು. ಇದರ ಮೂರು ಮುಖ್ಯ ಹಾಡು, 'ಸಿನಮನ್ ಗರ್ಲ್', 'ಡೌನ್ ಬೈ ದಿ ರಿವರ್', 'ಕೌಗರ್ಲ್ ಇನ್ ದಿ ಸ್ಯಾಂಡ್', ಮೈ ಸುಡೋ ಜ್ವರದಲ್ಲಿ ಹಾಸಿಗೆ ಮೇಲಿದ್ದಾಗ ಬರೆದದ್ದು ಅಂತ ಅವನೇ ಹೇಳಿಕೊಂಡಿದಾನೆ. ಕೊನೆಯ ಎರಡೂ ತಲಾ ಒಂಬತ್ತು ಹತ್ತು ನಿಮಿಷ. ಹೆದರಬೇಡಿ. 'ಸಿನಮನ್ ಗರ್ಲ್'ನ ಸೋಲೊದಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬಾರಿಸ್ತಾನೆ. ಗಿಟಾರ್ ಕಲೀತಿರೋ ಗೆಳೆಯನಿಗೆ ಕೇಳಿಸಿದೆ, "ಇಷ್ಟೇನಾ, ಇದು ನಾನೂ ಬಾರಿಸ್ತೀನಿ" ಅಂದ. ಬಾರಿಸಿದ. ಅದು ಬರಲಿಲ್ಲ.

ಇಲ್ಲಿ ಡ್ಯಾನಿ ವಿಟನ್‌ನ ಹಿಡೀರಿ. ಕ್ರೇಜಿ ಹಾರ್ಸ್‌ನ ಎರಡನೇ ಗಿಟಾರ್ ಅವನದು. 'ಸಿನಮನ್ ಗರ್ಲ್'ನಲ್ಲಿ ನೀಲ್ ಜೊತೆ ಕೇಳೋ ಇನ್ನೊಂದು ದನಿಯೂ ಅವನದೇ. ಉದ್ದ ಹಾಡುಗಳಲ್ಲಿ ನೀಲ್ ಎಲ್ಲೆಲ್ಲೋ ಅಲೆದಾಡುವಾಗ ಹಿಂದೆ ಒಬ್ಬ ಬಿಡದೆ ತಾಳಕ್ಕೆ ಗಿಟಾರ್ ಕುಟ್ತಾ ಇರ್ತಾನೆ ನೋಡಿ, ಅವನು. ಇಬ್ಬರು ಗೆಳೆಯರು ಮಾತಾಡಿಕೊಂಡ ಹಾಗೆ ಇರುತ್ತೆ. ಇಯರ್‌ಫೋನ್ ಎರಡೂ ಕಿವಿಗೆ ಹಾಕ್ಕೊಂಡು ಕೇಳಿ, ಒಂದು ಪಕ್ಕದವರಿಗೆ ಕೊಡಬೇಡಿ.

5/7

ಮೂರನೆಯದು: ಈಗ 'ಹಾರ್ವೆಸ್ಟ್', 1972.

"ಎಲ್ಲರೂ ಇದರಿಂದಲೇ ಶುರು ಮಾಡು ಅಂತಾರಲ್ಲ?" ಹೌದು, ಅದಕ್ಕೇ ಮೂರನೇ ಜಾಗದಲ್ಲಿ ಇಟ್ಟೆ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇದು. 'ಹಾರ್ಟ್ ಆಫ್ ಗೋಲ್ಡ್' ಅಲ್ಲಿ ಅವನಿಗೆ ನಂಬರ್ 1 ಸ್ಥಾನ ಕೊಟ್ಟ ಏಕೈಕ ಹಾಡು. 'ಓಲ್ಡ್ ಮ್ಯಾನ್' ಅವನು ಕೊಂಡ ಜಮೀನನ್ನ ನೋಡ್ಕೊಳ್ತಿದ್ದ ಮುದುಕನ ಬಗ್ಗೆ ಬರೆದದ್ದು. ಬರೆದಾಗ ಅವನಿಗೆ ಇನ್ನೂ 25ರ ಆಸುಪಾಸು.

ಮೊದಲೇ ಕೇಳಿದ್ರೆ ಇದು ಇಂಪಾದ ಆಲ್ಬಂ. ಮೂರನೆಯದಾಗಿ ಕೇಳಿದ್ರೆ ಕೊನೆಕೊನೆಗೆ ಬರೋ ಒಂದು ಹಾಡು ನಿಲ್ಲಿಸುತ್ತೆ. 'ದಿ ನೀಡಲ್ ಅಂಡ್ ದಿ ಡ್ಯಾಮೇಜ್ ಡನ್', ಎರಡೇ ನಿಮಿಷ, ವೇದಿಕೆಯಲ್ಲಿ ಒಬ್ಬನೇ ಕೂತು ಹಾಡಿದ್ದು. ಹೆರಾಯಿನ್‌ಗೆ ಬಿದ್ದ ಗೆಳೆಯರ ಬಗ್ಗೆ. ಅವರಲ್ಲಿ ಮುಖ್ಯನಾದವನು ಡ್ಯಾನಿ. ಈ ಹಾಡು ಬಂದಾಗ ಡ್ಯಾನಿ ಇನ್ನೂ ಬದುಕಿದ್ದ.

1972ರ ಕೊನೆಗೆ ನೀಲ್ ದೊಡ್ಡ ಟೂರ್‌ಗೆ ತಯಾರಿ ಮಾಡ್ತಾ ಡ್ಯಾನಿಯನ್ನ ರಿಹರ್ಸಲ್‌ಗೆ ಕರೆಸಿದ. ಅವನಿಗೆ ನುಡಿಸೋಕೇ ಆಗಲಿಲ್ಲ. ಕೈಗೆ 50 ಡಾಲರ್, ವಿಮಾನದ ಟಿಕೆಟ್ ಕೊಟ್ಟು ವಾಪಸ್ ಲಾಸ್ ಏಂಜಲಿಸ್‌ಗೆ ಕಳಿಸಿದ್ರು. ನವೆಂಬರ್ 18ರ ಅದೇ ರಾತ್ರಿ ಡ್ಯಾನಿ ಸತ್ತ. 29 ವರ್ಷ. ಮರುವರ್ಷ ಅವರ ತಂಡದಲ್ಲಿ ಸಾಮಾನು ನೋಡ್ಕೊಳ್ತಿದ್ದ ಬ್ರೂಸ್ ಬೆರ್ರಿ ಕೂಡ ಹೆರಾಯಿನ್‌ಗೇ ಹೋದ.

ನಂಬರ್ 1 ಹಾಡು ಕೈಯಲ್ಲಿದ್ದ ವರ್ಷ ಅದು. ಕಂಪನಿಗೆ ಬೇಕಿದ್ದಿದ್ದು ಇನ್ನೊಂದು 'ಹಾರ್ವೆಸ್ಟ್'. ಕೊಟ್ಟಿದ್ರೆ ಕಣ್ಣು ಮುಚ್ಚಿ ಮಾರಾಟ ಆಗ್ತಿತ್ತು. ಆ ಹಿಟ್ ತನ್ನನ್ನ ನಡುರಸ್ತೆಗೆ ತಂದು ನಿಲ್ಲಿಸ್ತು, ಅಲ್ಲಿ ಬೇಜಾರಾಗಿ ಪಕ್ಕದ ಹಳ್ಳಕ್ಕೆ ಗಾಡಿ ಇಳಿಸಿದೆ ಅನ್ನೋ ಅರ್ಥದಲ್ಲಿ ಅವನು ಆಮೇಲೆ ಬರ್ಕೊಂಡಿದಾನೆ.

6/7

ನಾಲ್ಕನೆಯದು: 'ಟುನೈಟ್ಸ್ ದಿ ನೈಟ್'. ರೆಕಾರ್ಡ್ ಆಗಿದ್ದು 1973, ಹೊರಬಂದಿದ್ದು 1975.

ಆ ಹಳ್ಳ ಇದೇ. ರಾತ್ರಿ ಹೊತ್ತು, ಕುಡಿದು, ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದು. ಶ್ರುತಿ ತಪ್ಪುತ್ತೆ, ದನಿ ಒಡೆಯುತ್ತೆ, ಯಾರೂ ಸರಿ ಮಾಡೋಕೆ ಹೋಗಿಲ್ಲ. ಮೊದಲ ಹಾಡಲ್ಲೇ ಬ್ರೂಸ್ ಬೆರ್ರಿ ಹೆಸರು ಹಿಡಿದು ಅವನು ಯಾರು, ಹೇಗೆ ಹೋದ ಅಂತ ಹೇಳ್ತಾನೆ. ನಡುವೆ ಇದ್ದಕ್ಕಿದ್ದ ಹಾಗೆ ಬೇರೆ ಯಾರೋ ಖುಷಿಯಾಗಿ ಹಾಡೋದು ಕೇಳ್ಸುತ್ತೆ. ಅದು ಡ್ಯಾನಿ. 1970ರ ಕಚೇರಿಯೊಂದರ ರೆಕಾರ್ಡಿಂಗ್ ತಂದು ಅಲ್ಲಿ ಇಟ್ಟಿದಾನೆ. ಸತ್ತವನು ಬಂದು ಮೂರೂವರೆ ನಿಮಿಷ ಹಾಡಿ ಹೋಗ್ತಾನೆ. ಮೊದಲ ಮೂರು ಆಲ್ಬಂ ಕೇಳದೆ ಇಲ್ಲಿಗೆ ಬಂದ್ರೆ ಇದು ಯಾವುದೋ ಹಳೇ ಹಾಡು. ಕೇಳಿ ಬಂದ್ರೆ ಆ ದನಿ ನಿಮಗೆ ಗುರುತು ಸಿಗುತ್ತೆ. ನಾನು ಕ್ರಮ ಕ್ರಮ ಅಂತ ಬಡ್ಕೊಳ್ತಿರೋದು ಇದಕ್ಕೇ.

ಒಂದು ಮಾತು ಹೇಳ್ಲಾ? ಕಳೆದ ವರ್ಷ ನಮ್ಮ ಕ್ಲಾಸಲ್ಲಿ ಒಂದು ಜಾಗ ಖಾಲಿ ಆಯ್ತು. ಕ್ಲಾಸ್‌ಮೇಟ್ಸ್‌ಗೆ ಗೊತ್ತು, ಉಳಿದವರಿಗೆ ಇಷ್ಟು ಸಾಕು. ನಾವೆಲ್ಲ ಸ್ಟೋರಿಯಲ್ಲಿ ಕಪ್ಪು ಹಿನ್ನೆಲೆಗೆ ಒಂದು ದೀಪ ಹಾಕಿ 'ಓಂ ಶಾಂತಿ' ಅಂತ ಬರೆದ್ವಿ. 24 ಗಂಟೆಗೆ ಅದೂ ಹೋಯ್ತು. ಮುಂದಿನ ವಾರ ಇಂಟರ್ನಲ್ಸ್. ಆಮೇಲೆ ಯಾರೂ ಮಾತೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನಿಗೆ ನಾನು ಕಳಿಸಿದ ಕೊನೇ ಮೆಸೇಜ್ "ಕಾಸ್ಟಿಂಗ್ ನೋಟ್ಸ್ ಕಳ್ಸೋ, ಎಷ್ಟು ಸಲ ಕೇಳೋದು" ಅನ್ನೋದು.

ಈ ಆಲ್ಬಂ ಕೇಳಿದ ರಾತ್ರಿ ಆ ಚಾಟ್ ತೆಗೆದು ನೋಡ್ದೆ. ನೀಲ್ ಹಾಡಲ್ಲಿ ಸಮಾಧಾನ ಏನೂ ಹೇಳಲ್ಲ. ಗೆಳೆಯನನ್ನ ದೇವರು ಮಾಡಲ್ಲ, ತಾನು ಸರಿ ಇದ್ದೆ ಅಂತಾನೂ ಹೇಳಲ್ಲ. ಹೆಸರು ಹೇಳ್ತಾನೆ, ನಡೆದದ್ದು ಹೇಳ್ತಾನೆ, ದನಿ ಹೇಗೆ ಬರುತ್ತೋ ಹಾಗೆ ಬಿಡ್ತಾನೆ. ದುಃಖಕ್ಕೂ ಚೆಂದದ ಫಾಂಟ್ ಬೇಕು ಅನ್ಕೊಂಡಿರೋ ನಮಗೆ ಇದನ್ನ ಕೇಳೋ ಅಗತ್ಯ ಇದೆ ಅನ್ಸುತ್ತೆ ನನಗೆ. ಮರುದಿನ ಅವನ ಮನೆಗೆ ಹೋಗಿ ಬಂದೆ. ಅಮ್ಮ ಟೀ ಕೊಟ್ರು. ಅವನ ಬಗ್ಗೆನೇ ಒಂದು ಗಂಟೆ ಮಾತಾಡಿದ್ವಿ. ಅವರೂ ಯಾರಾದ್ರೂ ಬರಲಿ ಅಂತ ಕಾಯ್ತಿದ್ರು.

ಇದನ್ನ ಓದಿ ನಶೆ ಅಂದ್ರೆ ದೊಡ್ಡ ಕಲೆಗೆ ದಾರಿ ಅಂತ ಯಾರೂ ತಿಳ್ಕೋಬೇಡಿ. ಡ್ಯಾನಿ ಒಳ್ಳೇ ಗಿಟಾರ್ ವಾದಕ, ಒಳ್ಳೇ ಹಾಡುಗಾರ. ನಶೆ ಅವನಿಂದ ಎರಡನ್ನೂ ಕಿತ್ಕೊಳ್ತು, ಆಮೇಲೆ ಪ್ರಾಣ.

7/7

ನಾಲ್ಕು ಮುಗೀತಾ? ಈಗ ನೀವು ಎಲ್ಲಿ ಬೇಕಾದ್ರೂ ಹೋಗಬಹುದು. ಸಣ್ಣ ಮ್ಯಾಪ್ ಕೊಡ್ತೀನಿ.

ಗದ್ದಲ ಇಷ್ಟ ಆದೋರಿಗೆ 'ಜೂಮಾ' (1975), ಆಮೇಲೆ 'ರ‍್ಯಾಗ್ಡ್ ಗ್ಲೋರಿ' (1990). ಮೃದು ಇಷ್ಟ ಆದೋರಿಗೆ 'ಹಾರ್ವೆಸ್ಟ್ ಮೂನ್' (1992). ಎರಡೂ ಬೇಕು ಅನ್ನೋರಿಗೆ 'ರಸ್ಟ್ ನೆವರ್ ಸ್ಲೀಪ್ಸ್' (1979): ಒಂದು ಬದಿ ಅಕೌಸ್ಟಿಕ್, ಇನ್ನೊಂದು ಬದಿ ಎಲೆಕ್ಟ್ರಿಕ್. ಮೊದಲ ಹಾಡೇ ಕೊನೆಗೆ ರೂಪ ಬದಲಿಸಿಕೊಂಡು ಬರುತ್ತೆ.

80ರ ದಶಕ ಸದ್ಯಕ್ಕೆ ಬೇಡ. ಆದ್ರೆ ಬಿಕಾಂನೋರಿಗೆ ಅಲ್ಲಿ ಒಂದು ಕೇಸ್ ಇದೆ. 1983ರಲ್ಲಿ ಗೆಫೆನ್ ರೆಕಾರ್ಡ್ಸ್ ತನ್ನದೇ ಕಲಾವಿದ ನೀಲ್ ಮೇಲೆ 33 ಲಕ್ಷ ಡಾಲರ್‌ಗೆ ದಾವೆ ಹೂಡ್ತು. ದೂರು ಏನು ಗೊತ್ತಾ? ಇವನು ಕೊಡ್ತಿರೋ ಆಲ್ಬಂಗಳು ನೀಲ್ ಯಂಗ್ ತರ ಇಲ್ಲ ಅಂತ! ಅದಕ್ಕೆ ಕಾರಣವಾದವುಗಳಲ್ಲಿ ಒಂದು 'ಟ್ರಾನ್ಸ್', ಯಂತ್ರದಲ್ಲಿ ದನಿ ಬದಲಿಸಿ ಹಾಡಿದ್ದು. ಎಲ್ಲರೂ ನಕ್ಕರು. ಅವನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರ್ತಿರಲಿಲ್ಲ. ಮಾತು ತಲುಪಿಸೋಕೆ ಒದ್ದಾಡೋ ಒಬ್ಬನ ಬಗ್ಗೆ ಆ ಹಾಡುಗಳು ಅಂತ ನೀಲ್ ಆಮೇಲೆ ಹೇಳಿದ. ದಾವೆ ಕೊನೆಗೆ ವಾಪಸ್ ಆಯ್ತು. ಒಬ್ಬ ಮನುಷ್ಯ ಹೋದ ವರ್ಷದ ಹಾಗೇ ಈ ವರ್ಷವೂ ಇರಬೇಕು ಅಂತ ಕಾಂಟ್ರ್ಯಾಕ್ಟ್ ಬರೆಯೋಕಾಗುತ್ತಾ? ಬಿಸಿನೆಸ್ ಲಾ ಕ್ಲಾಸಲ್ಲಿ ಕೇಳಿ ನೋಡಿ.

ಹೋಂವರ್ಕ್ ಇಷ್ಟೇ. ಈ ಭಾನುವಾರ 'ಆಫ್ಟರ್ ದಿ ಗೋಲ್ಡ್ ರಷ್', ಮೊದಲಿಂದ ಕೊನೆವರೆಗೆ, ಶಫಲ್ ಆಫ್ ಮಾಡಿ, ಫೋನ್ ಉಲ್ಟಾ ಇಟ್ಟು. ವಾರಕ್ಕೊಂದರಂತೆ ನಾಲ್ಕು ವಾರ. ಹಿಡಿಸಲಿಲ್ಲ ಅಂದ್ರೂ ಬಂದು ಬೈಯ್ರಿ, ಯಾವ ಹಾಡಲ್ಲಿ ನಿಲ್ಲಿಸಿದ್ರಿ ಅಂತ ಮಾತ್ರ ಹೇಳಿ.

ಮತ್ತೆ, ನೀವೂ ಯಾರ ಮನೆಗಾದ್ರೂ ಹೋಗೋದು ಬಾಕಿ ಇದ್ರೆ, ಹೋಗಿ ಬನ್ನಿ.

#ನೀಲ್_ಯಂಗ್ #ಎಲ್ಲಿಂದ_ಶುರು #ಪೂರ್ತಿ_ಆಲ್ಬಂ_ಕೇಳಿ