ಪ್ಯಾಡ್ ಇರಬೇಕಾದದ್ದು ಬೀರುವಿನಲ್ಲಲ್ಲ, ಶೌಚಾಲಯದಲ್ಲಿ

ವಿಶ್ವವಿದ್ಯಾಲಯದಲ್ಲಿ ದಿನದ ಎರಡನೇ ಪಾಠ ನಡೆಯುವಾಗ ಹುಡುಗಿಗೆ ಮುಟ್ಟಾಗುತ್ತದೆ. ಪ್ಯಾಡ್ ಇರುವುದು ಆಫೀಸಿನ ಬೀರುವಿನಲ್ಲಿ, ಬೀಗದ ಕೈ ಅಟೆಂಡರ್ ಜೇಬಿನಲ್ಲಿ, ಅಟೆಂಡರ್ ಚಹಾಕ್ಕೆ ಹೋಗಿದ್ದಾರೆ. ಇಂಥ ಕ್ಯಾಂಪಸ್ಸಿನ ಕಡತದಲ್ಲಿ ‘ಸೌಲಭ್ಯ ಇದೆ’ ಎಂದೇ ಬರೆದಿರುತ್ತದೆ. ಹುಡುಗಿ ಮಾತ್ರ ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಹಾಸ್ಟೆಲ್ಲಿನ ದಾರಿ ಹಿಡಿದಿರುತ್ತಾಳೆ.

ದಾರಿಯೂ ಹತ್ತಿರದ್ದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವೊಂದೇ ಸಾವಿರ ಎಕರೆಗೂ ಮಿಕ್ಕಿದ್ದು. ಅಷ್ಟು ಹರವಿನ ಜಾಗದಲ್ಲಿ ಯಾವುದೋ ಒಂದು ಮೂಲೆಯಲ್ಲಿ ಪ್ಯಾಡಿನ ಪೆಟ್ಟಿಗೆ ಇಟ್ಟರೆ ಅದು ಇದ್ದೂ ಇಲ್ಲದಂತೆ.

ಈ ಮಾತನ್ನು ಸ್ಕಾಟ್ಲೆಂಡ್ ಅರಿತಿದೆ. ಅಲ್ಲಿನ ಸಂಸತ್ತು 2020ರ ನವೆಂಬರ್‌ನಲ್ಲಿ ಒಪ್ಪಿದ, 2022ರ ಆಗಸ್ಟ್ 15ರಿಂದ ಜಾರಿಯಾದ ಕಾಯ್ದೆಯ ಪ್ರಕಾರ ವಿಶ್ವವಿದ್ಯಾಲಯಗಳೂ ಮುಟ್ಟಿನ ಸಾಮಗ್ರಿಯನ್ನು ಪುಕ್ಕಟೆ ಕೊಡಬೇಕು. ಪುಕ್ಕಟೆ ಎಂಬ ಮಾತಿಗೇ ಎಲ್ಲರೂ ಹುಬ್ಬೇರಿಸಿದರು. ಆದರೆ ಕಾಯ್ದೆಯ ಜೀವ ಬೇರೆ ಕಡೆ ಇದೆ: ಸಾಮಗ್ರಿ ಸುಲಭವಾಗಿ, ಮರ್ಯಾದೆಗೆ ಕುಂದಿಲ್ಲದೆ ಕೈಗೆ ಸಿಗಬೇಕು, ಎಲ್ಲಿಡಬೇಕೆಂದು ಬಳಸುವವರನ್ನೇ ಕೇಳಬೇಕು.

ದುಡ್ಡಿಲ್ಲ ಎಂಬ ನೆಪ ನಮ್ಮಲ್ಲಿ ಹೆಚ್ಚು ದೂರ ಓಡದು. ಪ್ಯಾಡ್ ಮೇಲಿನ ಶೇ. 12 ಜಿಎಸ್‌ಟಿ 2018ರ ಜುಲೈನಲ್ಲೇ ರದ್ದಾಯಿತು. 2019ರಲ್ಲಿ ಜನೌಷಧಿ ಮಳಿಗೆಗಳು ‘ಸುವಿಧಾ’ ಪ್ಯಾಡನ್ನು ಒಂದು ರೂಪಾಯಿಗೆ ಇಳಿಸಿದವು. ಆದರೆ ಪ್ಯಾಡ್ ಹಂಚುವ ಕರ್ನಾಟಕದ ‘ಶುಚಿ’ ಯೋಜನೆಯ ಕಣ್ಣು ಹದಿಹರೆಯದ ಹುಡುಗಿಯರ ಮೇಲೆ. ಎಂ.ಎ. ಓದುವವಳು ಅದರ ಆಚೆ; ಅವಳಿಗೆ ವಿಶ್ವವಿದ್ಯಾಲಯವೇ ಕೊಡಬೇಕು.

ಹಾಗಾದರೆ ಎಲ್ಲಿ? ಶೌಚಾಲಯದ ಒಳಗೆ, ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ. ರಾತ್ರಿಯವರೆಗೆ ತೆರೆದಿರುವ ಗ್ರಂಥಾಲಯ, ಪ್ರಯೋಗಾಲಯ, ಆಟದ ಮೈದಾನ, ಪರೀಕ್ಷಾ ಕೊಠಡಿಯ ಮಗ್ಗುಲು ಮೊದಲು. ಆಡಳಿತ ಭವನ ಕಾಯಬಹುದು. ಗಾಲಿಕುರ್ಚಿಯಲ್ಲಿ ಕೂತವಳ ಕೈಗೆಟುಕುವ ಎತ್ತರದಲ್ಲಿರಲಿ. ನಾಣ್ಯ ನುಂಗುವ ಯಂತ್ರ ಬೇಡ. ಫೋನ್‌ಪೇ ಕಾಲದಲ್ಲಿ ಐದು ರೂಪಾಯಿ ನಾಣ್ಯ ಯಾರ ಪರ್ಸಿನಲ್ಲಿದೆ?

ಬಳಸಿದ ಪ್ಯಾಡಿನ ಗತಿಯನ್ನೂ ಇದರ ಜೊತೆಗೇ ತೀರ್ಮಾನಿಸಬೇಕು. ಅದನ್ನು ಸುತ್ತಿಯೇ ಬಿಸಾಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಚಿಲಕ ಹಾಕಿಕೊಂಡ ಕೋಣೆಯೊಳಗೆ ಮುಚ್ಚಳದ ಬುಟ್ಟಿ, ಹಳೇ ಪೇಪರ್ ಇಲ್ಲದಿದ್ದರೆ ಪ್ಯಾಡ್ ಕಮೋಡಿಗೆ ಬೀಳುತ್ತದೆ. ಪೈಪ್ ಕಟ್ಟಿಕೊಂಡಾಗ ಕೈ ಹಾಕುವವರು ಸ್ವಚ್ಛತಾ ಕೆಲಸದ ಹೆಂಗಸರು. ಯಾವ ನಲ್ಲಿಯ ಬಳಿ ಸೋಪು ಬೇಗ ಖಾಲಿಯಾಗುತ್ತದೆ, ಯಾವ ಮಹಡಿಯಲ್ಲಿ ಸಾಲು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಸಮಿತಿಗೂ ಗೊತ್ತಿರುವುದಿಲ್ಲ. ಜಾಗ ಗುರುತಿಸುವ ದಿನ ಅವರಿಗೂ ಕುರ್ಚಿ ಹಾಕಲಿ.

ಕುಲಸಚಿವರು ಮಾಡಬೇಕಾದ ಮೊದಲ ಕೆಲಸಕ್ಕೆ ಟೆಂಡರ್ ಬೇಕಿಲ್ಲ. ಪ್ರತಿ ಕಟ್ಟಡದ ನಕ್ಷೆಯನ್ನು ಅಲ್ಲಿನ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಹದಿನೈದು ದಿನ ಅಂಟಿಸಿ, ಬಳಸುವವರೇ ಜಾಗ ಗುರುತಿಸಲು ಪಕ್ಕದಲ್ಲೊಂದು ಪೆನ್ನು ಕಟ್ಟಿಸಲಿ.